ಕೆಲಸಗಾರರ ಹೊಸ ಐಡಿಯಾ ಹೊರಗೆ ಬರುವುದೇ ಇಲ್ಲ, ಏನು ಮಾಡೋದು?

ಪೀಣ್ಯ_ವಿಎಂಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಆರು ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯುವ ಮಷೀನು), ನಾಲ್ಕು ಸಿಎನ್‌ಸಿ ಲೇತ್, ಮೂಲೆಯಲ್ಲಿ ಮೂರು ಹಳೆಯ ಡ್ರಿಲ್ಲಿಂಗ್ ಮಷೀನು. ಎರಡು ಶಿಫ್ಟ್ ಸೇರಿ 34 ಜನ. ನಾನು, ನಮ್ಮ ಭಾವ ಸೇರಿ ನಡೆಸುತ್ತೇವೆ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಒಂದೂವರೆ ವರ್ಷದ ಹಿಂದೆ ಹಾಜರಿಯ ಪಂಚಿಂಗ್ ಮಷೀನ್ ಪಕ್ಕದಲ್ಲಿ ಒಂದು ಸಲಹೆ ಪೆಟ್ಟಿಗೆ ಇಟ್ಟೆವು. ಒಳ್ಳೆಯ ಸಲಹೆಗೆ 500 ರೂಪಾಯಿ ಅಂತ ಬೋರ್ಡ್ ಕೂಡ ಹಾಕಿದೆವು. ಮೊದಲ ತಿಂಗಳು 19 ಚೀಟಿ ಬಂದವು. ಮುಕ್ಕಾಲು ಪಾಲು ಫ್ಯಾನು, ಕುಡಿಯುವ ನೀರು, ಟಾಯ್ಲೆಟ್ ಬಗ್ಗೆ. ಮಷೀನ್ ಬಗ್ಗೆ ಇದ್ದದ್ದು ಮೂರೋ ನಾಲ್ಕೋ. ಮಷೀನಿನ ಚೀಟಿಗಳನ್ನು ಎತ್ತಿಟ್ಟುಕೊಂಡು ಉಳಿದದ್ದನ್ನು ಆಮೇಲೆ ನೋಡೋಣ ಅಂತ ಫೈಲಿಗೆ ಹಾಕಿದೆವು. ಮೂರನೇ ತಿಂಗಳಿಗೆ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ನಮ್ಮ ಹುಡುಗರಿಗೆ ಇದರಲ್ಲೆಲ್ಲ ಆಸಕ್ತಿ ಇಲ್ಲ ಅಂದುಕೊಂಡು ಸುಮ್ಮನಾದೆ.

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ, ಮರೆತ ಫೈಲ್ ತರಲು ವಾಪಸ್ ಬಂದೆ. ನಾಲ್ಕನೇ ವಿಎಂಸಿ ಮೇಲೆ ಅರಸೀಕೆರೆ ಕಡೆಯ ಒಬ್ಬ ಹುಡುಗ ಇರುತ್ತಾನೆ, ಐಟಿಐ ಮುಗಿಸಿದವನು, ಮಾತು ಕಮ್ಮಿ. ಅಲ್ಯೂಮಿನಿಯಂ ಹೌಸಿಂಗ್‌ಗೆ ಡ್ರಿಲ್, ಟ್ಯಾಪ್ (ತೂತಿನೊಳಗೆ ಥ್ರೆಡ್) ಹೊಡೆಯುವ ಕೆಲಸ. ಪೀಸನ್ನು ಅಲುಗದಂತೆ ಹಿಡಿಯುವ ನಮ್ಮ ಫಿಕ್ಸ್ಚರ್‌ನಲ್ಲಿ ಒಂದು ಪೀಸ್ ಕೂರಿಸಲು ನಾಲ್ಕು ಅಲೆನ್ ಬೋಲ್ಟ್ ಬಿಗಿಯಬೇಕು, ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅವನು ಅಲೆನ್ ಕೀ ಮುಟ್ಟುತ್ತಲೇ ಇರಲಿಲ್ಲ. ಬೋಲ್ಟ್ ಜಾಗದಲ್ಲಿ ಎರಡು ಕ್ಯಾಮ್ ಲಿವರ್, ಸ್ಕ್ರ್ಯಾಪ್ ತುಂಡಿನಲ್ಲಿ ಕೈಯಲ್ಲೇ ಅರ ತಿಕ್ಕಿ ಮಾಡಿದ್ದು. ಟಕ್ ಟಕ್ ಅಂತ ಎರಡು ಸಲ ತಿರುಗಿಸಿದರೆ ಪೀಸ್ ಕೂತಿತು. ಪೀಸಿಗೆ ಗೆರೆ ಬೀಳಬಾರದು ಅಂತ ಒತ್ತುವ ಕಡೆ ತಾಮ್ರದ ಪಟ್ಟಿ. ಕೆಳಗಿನ ಪ್ಯಾಡ್ ಮೇಲೆ ಒಂದು ಓರೆ ಗ್ರೂವ್ ತೆಗೆದಿದ್ದ, ಚಿಪ್ಸ್ (ಕೊರೆದಾಗ ಬೀಳುವ ಲೋಹದ ಚೂರು) ಅಲ್ಲಿ ನಿಲ್ಲದೆ ಕೂಲೆಂಟ್ ಜೊತೆ ಹರಿದು ಹೋಗಲಿ ಅಂತ. ಆ ಹೌಸಿಂಗ್‌ನಲ್ಲಿ ಒಂದು ವರ್ಷದಿಂದ ಆಗಾಗ ತೂತು ಓರೆಯಾಗಿ ರಿಜೆಕ್ಷನ್ ಬರುತ್ತಿತ್ತು. ಪ್ಯಾಡ್ ಮೇಲೆ ಸಿಕ್ಕಿಕೊಳ್ಳುವ ಒಂದು ಚೂರು ಚಿಪ್ ಅದಕ್ಕೆ ಕಾರಣ ಅಂತ ಅವನಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ.

ಶಿಫ್ಟ್ ಮುಗಿಯುವ ಮುಂಚೆ ಅದನ್ನು ಬಿಚ್ಚಿ, ಕಾಟನ್ ವೇಸ್ಟ್‌ನಲ್ಲಿ ಸುತ್ತಿ, ಊಟದ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದನಂತೆ. ಯಾಕಪ್ಪಾ ಹೇಳಲಿಲ್ಲ ಅಂದರೆ ಮೊದಲು ಹೆದರಿದ. ಆಮೇಲೆ ಹೇಳಿದ: "ಇದಕ್ಕೆ ಮುಂಚೆ ಬೇರೆ ಕಡೆ ಇದ್ದಾಗ ಹೀಗೇ ಒಂದು ಮಾಡಿ ತೋರಿಸಿದ್ದೆ ಸರ್. ಶಿಫ್ಟಿಗೆ 110 ಪೀಸ್ ಇದ್ದ ಟಾರ್ಗೆಟ್ 140 ಮಾಡಿದ್ರು. ಸಂಬಳ ಅಷ್ಟೇ ಇತ್ತು. ಜೊತೆಯವರು ಎರಡು ತಿಂಗಳು ನನ್ನ ಜೊತೆ ಟೀ ಕುಡಿಯೋಕೂ ಬರಲಿಲ್ಲ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ನಾನೂ ಅದನ್ನೇ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ಒಂದು ದೊಡ್ಡ ಗಿರಾಕಿ ಕಂಪನಿಗೆ, ನಿಮ್ಮ ಈ ತೂತಿನ ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ಹೆಚ್ಚುಕಮ್ಮಿ) ಸ್ವಲ್ಪ ಸಡಿಲ ಮಾಡಿದರೆ ರೀಮಿಂಗ್ (ತೂತನ್ನು ಕೊನೆಗೆ ನಯ ಮಾಡುವ ಕೆಲಸ) ಬೇಕಾಗಿಲ್ಲ ಅಂತ ನಾನೇ ಹೋಗಿ ಹೇಳಿದೆ. ತುಂಬಾ ಥ್ಯಾಂಕ್ಸ್ ಅಂದರು. ಡ್ರಾಯಿಂಗ್ ಬದಲಾಯಿತು. ಮುಂದಿನ ಆರ್ಡರ್‌ನಲ್ಲಿ ರೀಮಿಂಗ್ ದುಡ್ಡು ಪೂರ್ತಿ ಕಡಿತ, ಜೊತೆಗೆ ಅದೇ ಹೊಸ ಡ್ರಾಯಿಂಗ್ ಇನ್ನಿಬ್ಬರು ವೆಂಡರ್‌ಗಳಿಗೆ ಕೊಟೇಶನ್‌ಗೆ ಹೋಯಿತು. ಅವತ್ತಿನಿಂದ ನಾನೂ ಬಾಯಿ ಬಿಟ್ಟಿಲ್ಲ. ನನ್ನ ಹತ್ತಿರ ಈಗಲೂ ಅವರಿಗೆ ಉಪಯೋಗ ಆಗುವ ನಾಲ್ಕು ಐಡಿಯಾ ಇವೆ.

ಶಾಪ್ ಒಳಗೆ ಹುಡುಗರ ಬಾಯಿಂದ ಇದು ಬರಬೇಕು ಅಂದರೆ ಏನು ಮಾಡಬೇಕು? ಕಂಪನಿ ಕಂಪನಿ ನಡುವೆ ಮೋಸ ಹೋಗದೆ ಹೇಳಿಕೊಳ್ಳುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

---

ಜಾಲಹಳ್ಳಿ_ಫಿಟ್ಟರ್:

ತಮ್ಮಾ, ನಾನು ಎಚ್‌ಎಂಟಿ ಟೂಲ್‌ರೂಮಿನಲ್ಲಿ ಇದ್ದವನು, ರಿಟೈರ್ ಆಗಿ ವರ್ಷಗಳಾದವು. ನಿಮ್ಮ ಪತ್ರ ಎರಡು ಸಲ ಓದಿದೆ.

ಮೊದಲು ಆ ಫ್ಯಾನಿನ ಚೀಟಿಗಳನ್ನು ಫೈಲಿನಿಂದ ತೆಗೆಯಿರಿ. ಫ್ಯಾನ್ ಬೇಕು ಅಂತ ಬರೆದವನು ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದ. ಇವರಿಗೆ ಹೇಳಿದರೆ ಏನಾದರೂ ಆಗುತ್ತಾ ಅಂತ ಒಂದು ಸಣ್ಣ ಕಲ್ಲು ಎಸೆದು ನೋಡಿದ. ಏನೂ ಆಗಲಿಲ್ಲ. ಸೆಕೆಗೆ ಫ್ಯಾನ್ ಹಾಕಿಸದವರಿಗೆ ಫಿಕ್ಸ್ಚರ್ ಯಾರು ತೋರಿಸುತ್ತಾರೆ? 19 ಚೀಟಿಗೂ ಉತ್ತರ ಕೊಡಬೇಕಿತ್ತು. ಆಗುವುದಿಲ್ಲ ಅನ್ನುವುದಾದರೂ ಸರಿ, ಯಾಕೆ ಆಗುವುದಿಲ್ಲ ಅಂತ ಅವನ ಮಷೀನ್ ಹತ್ತಿರ ನಿಂತು ಹೇಳಬೇಕಿತ್ತು.

ಇನ್ನು ನಮ್ಮ ಕಾಲದ ಮಾತು. ಎಚ್‌ಎಂಟಿ ಶುರುವಾದದ್ದು 1953ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಜೊತೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚ್ ಶುರು ಮಾಡಿದರು. ಹೊರಗಿನವರಿಂದ ಡ್ರಾಯಿಂಗ್ ಬಂತು, ಮಷೀನ್ ಬಂತು. ಕೈ ಮಾತ್ರ ಇಲ್ಲೇ ತಯಾರಾಗಬೇಕಿತ್ತು. ಟ್ರೇನಿಂಗ್ ಸೆಂಟರ್‌ನಲ್ಲಿ ನಮಗೆ ವಾರಗಟ್ಟಲೆ ಬರೀ ಫೈಲಿಂಗ್, ಅಂದರೆ ಅರ ತಿಕ್ಕುವುದು. ಒಂದು ತುಂಡು ಕಬ್ಬಿಣವನ್ನು ಚೌಕ ಮಾಡಿ, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಕಾಣಬಾರದು. ಆಗ ಬೇಸರ ಬರುತ್ತಿತ್ತು. ನಿಮ್ಮ ಅರಸೀಕೆರೆ ಹುಡುಗ ಸ್ಕ್ರ್ಯಾಪ್‌ನಲ್ಲಿ ಕ್ಯಾಮ್ ಮಾಡಿದ ಅಂದಿರಲ್ಲ, ಆ ವಕ್ರ ಸರಿಯಾಗಿ ಬರಬೇಕಾದರೆ ಅವನ ಕೈಗೂ ಅಂಥ ಅಭ್ಯಾಸ ಆಗಿರಬೇಕು. ಕೈಗೆ ಗೊತ್ತಾದ ಮೇಲೆ ತಲೆ ಆಟ ಆಡುತ್ತದೆ.

ಟೂಲ್‌ರೂಮಿನಲ್ಲಿ ಒಂದು ರೂಢಿ ಇತ್ತು. ಡ್ರಾಯಿಂಗ್‌ನಲ್ಲಿ ಏನಾದರೂ ಹೊಂದುತ್ತಿಲ್ಲ ಅನ್ನಿಸಿದರೆ ಡಿಸೈನ್ ಸಾಹೇಬರನ್ನೇ ಕೆಳಗೆ ಕರೆಯುತ್ತಿದ್ದೆವು. ಅವರೂ ಬರುತ್ತಿದ್ದರು. ಇಲ್ಲಿ ಸ್ಪ್ಯಾನರ್ ಹೋಗಲ್ಲ ಸರ್ ಅಂದರೆ, ಅವರೇ ಸ್ಪ್ಯಾನರ್ ಹಿಡಿದು ಒಳಗೆ ಕೈ ಹಾಕಿ ನೋಡಿ, ಜೇಬಿನಿಂದ ಪೆನ್ಸಿಲ್ ತೆಗೆದು ಅಲ್ಲೇ ತಿದ್ದುತ್ತಿದ್ದರು. ನನಗೆ ಗೊತ್ತಿರುವ ಹಾಗೆ ಹೊಸತು ಹುಟ್ಟುವುದು ಆ ಜಾಗದಲ್ಲಿ, ಡ್ರಾಯಿಂಗ್ ಮಾಡಿದವನೂ ಕೆಲಸ ಮಾಡುವವನೂ ಒಂದೇ ಪೀಸಿನ ಮೇಲೆ ಬಗ್ಗಿ ನಿಂತಾಗ.

ಕಂಪನಿ ಕಂಪನಿ ನಡುವೆ ಅಂದಿರಿ. ಪೀಣ್ಯ ಬೆಳೆದದ್ದೇ ಹಾಗೆ ಅಲ್ವಾ? ಜಾಲಹಳ್ಳಿಯ ದೊಡ್ಡ ಕಾರ್ಖಾನೆಗಳಲ್ಲಿ ಕಲಿತವರು ಹೊರಗೆ ಬಂದು ಶೆಡ್ ಹಾಕಿದರು. ತುಮಕೂರು ರಸ್ತೆಯಲ್ಲಿ 1962ರಿಂದ ಮಷೀನ್ ತಯಾರಿಕೆಯ ಸಂಶೋಧನೆ ಮಾಡುವ ಸಿಎಂಟಿಐ ಇದೆ, ರಾಜಾಜಿನಗರದಲ್ಲಿ ಡೆನ್ಮಾರ್ಕ್ ನೆರವಿನಿಂದ ಬಂದ, ಟೂಲ್ ಕೆಲಸ ಕಲಿಸುವ ಸರ್ಕಾರಿ ಜಿಟಿಟಿಸಿ ಇದೆ. ವಿದ್ಯೆ ಕಾಗದದಲ್ಲಿ ಬಂದದ್ದಕ್ಕಿಂತ ಮನುಷ್ಯರ ಜೊತೆ ನಡೆದುಕೊಂಡು ಬಂದದ್ದೇ ಜಾಸ್ತಿ. ಪಕ್ಕದ ಶೆಡ್‌ನವರ ಹತ್ತಿರ ಅಳತೆ ತಾಳೆ ನೋಡುವ ಸ್ಲಿಪ್ ಗೇಜ್ ಬಾಕ್ಸ್ ಇಸ್ಕೊಂಡು ಬರುವುದು, ಅವರು ಬಂದು ನಮ್ಮ ಸರ್ಫೇಸ್ ಪ್ಲೇಟ್ ಮೇಲೆ ಚೆಕ್ ಮಾಡಿಕೊಂಡು ಹೋಗುವುದು ದಿನಾ ನಡೆಯುತ್ತಿತ್ತು. ಟೀ ಅಂಗಡಿಯಲ್ಲಿ ಟ್ಯಾಪ್ ಮುರಿಯುತ್ತಾ ಇದೆ ಅಂದರೆ ಇಬ್ಬರು ಎದ್ದು ಬಂದು ನೋಡುತ್ತಿದ್ದರು. ಅದನ್ನು ಬಿಡಬೇಡಿ.

---

ಬಿಡದಿ_ಶಿಫ್ಟ್:

ಹಿರಿಯರು ಹೇಳಿದ್ದು ನೂರಕ್ಕೆ ನೂರು. ನಾನು ಬಿಡದಿ ಕಡೆ ಕಾರಿನ ಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಟೊಯೋಟಾ ಪದ್ಧತಿ ಬಗ್ಗೆ ಟ್ರೇನಿಂಗ್ ಸಿಕ್ಕಿದ್ದರಿಂದ ಸ್ವಲ್ಪ ಓದಿಕೊಂಡಿದ್ದೇನೆ.

ಸಲಹೆ ಕೊಡುವ ಪದ್ಧತಿ ಟೊಯೋಟಾದವರ ಸ್ವಂತದ್ದಲ್ಲ. 1950ರಲ್ಲಿ ಆ ಕಂಪನಿಯ ಎಯ್ಜಿ ಟೊಯೋಡಾ ಅಮೆರಿಕದ ಫೋರ್ಡ್ ಕಾರ್ಖಾನೆ ನೋಡಲು ಹೋಗಿದ್ದಾಗ ಅಲ್ಲಿ ಕಂಡದ್ದು. 1951ರಲ್ಲಿ ತಮ್ಮಲ್ಲಿ ಶುರು ಮಾಡಿದರು. ಅಂದರೆ ಅದೇ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದ ಐಡಿಯಾ. ಬಹುಮಾನದ ದುಡ್ಡು ಸಾಮಾನ್ಯವಾಗಿ ಚಿಕ್ಕದು. ನಮ್ಮಲ್ಲಿ ನಡೆಯುವುದೂ ಹಾಗೇ: ಬೋಲ್ಟ್ ಡಬ್ಬ ಎಡಗಡೆಯಿಂದ ಬಲಗಡೆಗೆ ಇಟ್ಟೆ ಅನ್ನುವುದೂ ಸಲಹೆಯೇ. ಬರೆದವನ ಸೂಪರ್‌ವೈಸರ್ ಕೆಲವೇ ದಿನದಲ್ಲಿ ಉತ್ತರ ಕೊಡಬೇಕು, ಆದಷ್ಟೂ ಬರೆದವನ ಕೈಯಲ್ಲೇ ಮಾಡಿಸಬೇಕು. ವಿಎಂಸಿ ಅಣ್ಣ, ನೀವು 500 ರೂಪಾಯಿ ಇಟ್ಟದ್ದರಿಂದ ಏನಾಯಿತು ಗೊತ್ತಾ, 500 ರೂಪಾಯಿ ಬೆಲೆಯ ದೊಡ್ಡ ಐಡಿಯಾ ಇದ್ದರೆ ಮಾತ್ರ ಬರೆಯಬೇಕು ಅಂತ ಹುಡುಗರು ಅಂದುಕೊಂಡಿರುತ್ತಾರೆ.

ಎರಡನೇ ಪ್ರಶ್ನೆಗೆ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಇದೆ. 1997ರ ಫೆಬ್ರವರಿ 1, ಶನಿವಾರ ಬೆಳಗಿನ ಜಾವ ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಒಂದು ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ಮಾಡುತ್ತಿದ್ದದ್ದು ಪಿ-ವಾಲ್ವ್, ಬ್ರೇಕ್ ಹಾಕಿದಾಗ ಹಿಂದಿನ ಚಕ್ರಕ್ಕೆ ಎಷ್ಟು ಒತ್ತಡ ಹೋಗಬೇಕು ಅಂತ ನೋಡಿಕೊಳ್ಳುವ ಭಾಗ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಆದರೆ ಟೊಯೋಟಾ ಕಾರುಗಳ ಪಿ-ವಾಲ್ವ್ ಹೆಚ್ಚುಕಮ್ಮಿ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ಸ್ಟಾಕ್ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿಲ್ಲ, ಕೆಲವೇ ಗಂಟೆಗಾಗುವಷ್ಟು ಇತ್ತು. ಅದಕ್ಕಾಗಿಯೇ ಮಾಡಿದ ವಿಶೇಷ ಮಷೀನುಗಳು ಸುಟ್ಟು ಹೋದವು. ಎರಡು ಮೂರು ದಿನದಲ್ಲಿ ಟೊಯೋಟಾ ಲೈನುಗಳು ಒಂದೊಂದಾಗಿ ನಿಂತವು.

ಐಸಿನ್‌ನವರು ಅವತ್ತೇ ಡ್ರಾಯಿಂಗ್‌ಗಳನ್ನು ಯಾರು ಕೇಳಿದರೂ ಕೊಟ್ಟರು. 200ಕ್ಕಿಂತ ಜಾಸ್ತಿ ಕಂಪನಿಗಳು ಕೈ ಹಾಕಿದವು. ಅದರಲ್ಲಿ ಬ್ರದರ್ ಕೂಡ ಇತ್ತು, ಹೊಲಿಗೆ ಮಷೀನಿನವರು! ಯಾವತ್ತೂ ಕಾರಿನ ಭಾಗ ಮಾಡಿದವರಲ್ಲ. ಇದ್ದ ಮಷೀನನ್ನೇ ನೂರಾರು ಗಂಟೆ ಕೂತು ಬದಲಾಯಿಸಿ ದಿನಕ್ಕೆ ಕೆಲವು ಡಜನ್ ಮಾಡಿಕೊಟ್ಟರು. ವಿಶೇಷ ಮಷೀನ್ ಯಾರ ಹತ್ತಿರವೂ ಇರಲಿಲ್ಲ, ಹಾಗಾಗಿ ಒಬ್ಬೊಬ್ಬರೂ ತಮ್ಮದೇ ದಾರಿ ಹುಡುಕಿಕೊಂಡರು. ಒಬ್ಬರಿಗೆ ಸಿಕ್ಕ ತೊಂದರೆ, ಒಬ್ಬರಿಗೆ ಹೊಳೆದ ಉಪಾಯ ಉಳಿದವರಿಗೆ ಹೋಗುತ್ತಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಕಾರುಗಳು ಮೊದಲಿನಂತೆ ಬರಲು ಶುರುವಾದವು.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು, ಶುರುವಿನಲ್ಲಿ ಯಾರೂ ರೇಟ್ ಮಾತಾಡಲಿಲ್ಲ. ಕೆಲಸ ಮಾಡಿ ಮುಗಿಸಿದರು, ದುಡ್ಡು ಬರುತ್ತದೆ ಅನ್ನುವ ನಂಬಿಕೆ ಇತ್ತು, ಬಂತು ಕೂಡ. ಟೊಯೋಟಾ ತನ್ನ ನೇರ ಸರಬರಾಜುದಾರರಿಗೆ, ಆ ವರ್ಷದ ಮೊದಲ ಮೂರು ತಿಂಗಳಲ್ಲಿ ಅವರು ತನಗೆ ಮಾರಿದ್ದರ 1% ಹೆಚ್ಚಿಗೆ ಕೊಟ್ಟಿತು. ಅಂಥ ನಂಬಿಕೆ ಬೆಂಕಿ ಬಿದ್ದ ದಿನ ಹುಟ್ಟುವುದಿಲ್ಲ. 1970ರ ದಶಕದಿಂದಲೇ ಆ ವೆಂಡರ್‌ಗಳ ಇಂಜಿನಿಯರ್‌ಗಳು ಸೇರಿ ಒಬ್ಬರ ಕಾರ್ಖಾನೆಗೆ ಇನ್ನೊಬ್ಬರು ಹೋಗಿ, ಲೈನ್ ಪಕ್ಕ ನಿಂತು, ಅಲ್ಲಿನ ತೊಂದರೆ ಬಗೆಹರಿಸಿ ಬರುತ್ತಿದ್ದರು. ಜಿಶುಕೆನ್ ಅನ್ನುತ್ತಾರೆ.

---

ನೇರ_ಮಾತು_ತುಮಕೂರು:

ಜಪಾನ್ ಕಥೆ ಕೇಳಲು ಚೆನ್ನಾಗಿದೆ. ನಮ್ಮಲ್ಲಿ ಅರ್ಧ ಜನ ಕಾಂಟ್ರ್ಯಾಕ್ಟ್ ಮೇಲೆ ಬರುತ್ತಾರೆ, ಆರು ತಿಂಗಳಿಗೆ 2000 ಜಾಸ್ತಿ ಸಿಗುತ್ತದೆ ಅಂತ ಪಕ್ಕದ ಗೇಟಿಗೆ ಹೋಗುತ್ತಾರೆ. ಅವರಿಗೆ ಏನು ಕಲಿಸುವುದು, ಅವರಿಂದ ಏನು ಕೇಳುವುದು? ಜನ ಬೇರೆ ಸ್ವಾಮಿ, ಜನ ಬೇರೆ.

---

ಬಿಡದಿ_ಶಿಫ್ಟ್:

ಜನ ಬೇರೆ ಅನ್ನುವ ಮಾತು ಅಮೆರಿಕದಲ್ಲೂ ಇತ್ತು ಅಣ್ಣ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್‌ನದ್ದೊಂದು ಕಾರ್ಖಾನೆ. ಗೈರುಹಾಜರಿ, ಜಗಳ, ಮುಷ್ಕರಕ್ಕೆ ಹೆಸರಾಗಿತ್ತು, 1982ರಲ್ಲಿ ಮುಚ್ಚಿದರು. ಟೊಯೋಟಾ ಜೊತೆ ಸೇರಿ 1984ರಲ್ಲಿ ಅದನ್ನೇ ಮತ್ತೆ ತೆರೆದರು, ನುಮ್ಮಿ ಅಂತ ಹೆಸರು. ಕೆಲಸಕ್ಕೆ ತೆಗೆದುಕೊಂಡದ್ದು ಹೆಚ್ಚಾಗಿ ಅದೇ ಹಳೆಯ ಜನರನ್ನು, ಅದೇ ಯೂನಿಯನ್ ಇತ್ತು. ತಪ್ಪು ಕಂಡರೆ ಯಾರು ಬೇಕಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು, ಎಳೆದವನಿಗೆ ಬೈಗುಳ ಇಲ್ಲ, ಟೀಮ್ ಲೀಡರ್ ಓಡಿ ಬಂದು ಏನಾಯಿತು ಅಂತ ಕೇಳುತ್ತಾನೆ. ಬೇಗನೇ ಜನರಲ್ ಮೋಟರ್ಸ್‌ನ ಒಳ್ಳೆಯ ಕಾರ್ಖಾನೆಗಳಲ್ಲಿ ಒಂದಾಯಿತು.

ಆದರೆ ಅಲ್ಲಿ ಕಲಿತದ್ದನ್ನು ತಮ್ಮ ಬೇರೆ ಕಾರ್ಖಾನೆಗಳಿಗೆ ಒಯ್ಯಲು ಜನರಲ್ ಮೋಟರ್ಸ್ ವರ್ಷಗಟ್ಟಲೆ ಒದ್ದಾಡಿತು. ಹಗ್ಗ ಕಟ್ಟುವುದು ಸುಲಭ. ಎಳೆದವನಿಗೆ ಬೈಯದೆ ಇರುವ ಸೂಪರ್‌ವೈಸರ್ ತಯಾರಾಗುವುದು ಕಷ್ಟ. ಕಾಂಟ್ರ್ಯಾಕ್ಟ್ ಹುಡುಗರ ವಿಷಯ ನೀವು ಹೇಳಿದ್ದು ನಿಜವಾದ ತೊಂದರೆ, ಒಪ್ಪುತ್ತೇನೆ. ಆರು ತಿಂಗಳಲ್ಲಿ ಹೋಗುವವನು ಐಡಿಯಾ ಯಾಕೆ ಕೊಡಬೇಕು? ಅದಕ್ಕೆ ನನ್ನ ಹತ್ತಿರ ಉತ್ತರ, ಅವನನ್ನು ಪರ್ಮನೆಂಟ್ ಮಾಡಿ ಅನ್ನುವುದೊಂದೇ.

---

ಕ್ವಾಲಿಟಿ_ಬೆಂಚ್:

ನಾನು ಇನ್‌ಸ್ಪೆಕ್ಷನ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಇಲ್ಲಿ ಎಲ್ಲರೂ ಆಪರೇಟರ್ ಬಗ್ಗೆ ಮಾತಾಡಿದರು, ಸಂತೋಷ. ಬೆಂಚ್ ಮೇಲೆ ಕೂತವರನ್ನೂ ಕೇಳಿ ಅಂತ ಹೇಳೋಣ ಅಂತ ಬರೆಯುತ್ತಿದ್ದೇನೆ. ಎಲ್ಲ ಮಷೀನಿನ ತಪ್ಪೂ ಬಂದು ಬೀಳುವುದು ನಮ್ಮ ಮುಂದೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಪೀಸಿಗೆ ಪಾಕೆಟ್ (ಕೊರೆದ ಗುಳಿ) ಆಳ ನೋಡಬೇಕಿತ್ತು. ದಿನಾ ಕೆಲವು ಪೀಸ್ ಆಳ ಕಮ್ಮಿ ಬರುತ್ತಿದ್ದವು, ಇಪ್ಪತ್ತು ಮೂವತ್ತು ಮೈಕ್ರಾನ್ ಅಷ್ಟೇ. ಆಪರೇಟರ್ ಆಫ್‌ಸೆಟ್ (ಟೂಲ್ ಎಷ್ಟು ಕೆಳಗೆ ಹೋಗಬೇಕು ಅನ್ನುವ ಲೆಕ್ಕ) ಬದಲಾಯಿಸುತ್ತಿದ್ದ, ಆಮೇಲೆ ಆಳ ಜಾಸ್ತಿ ಆಗುತ್ತಿತ್ತು, ಮತ್ತೆ ಬದಲಾಯಿಸುತ್ತಿದ್ದ. ನಾನು ನನ್ನ ನೋಟ್‌ಬುಕ್‌ನಲ್ಲಿ ಸುಮ್ನೆ ಚುಕ್ಕೆ ಇಡುತ್ತಾ ಹೋದೆ, ಯಾವ ಹೊತ್ತಿಗೆ ಯಾವ ಅಳತೆ ಅಂತ. ಒಂದು ತಿಂಗಳ ಚುಕ್ಕೆ ನೋಡಿದರೆ ಕಣ್ಣಿಗೆ ಹೊಡೆದ ಹಾಗೆ ಕಂಡಿತು: ಊಟದ ಬ್ರೇಕ್ ಆದ ಮೇಲಿನ ಮೊದಲ ಐದಾರು ಪೀಸ್, ಬೆಳಗ್ಗೆ ಮಷೀನ್ ಹಾಕಿದಾಗಿನ ಮೊದಲ ಹತ್ತು ಪೀಸ್. ಟೂಲ್ ಹಿಡಿದು ತಿರುಗುವ ಸ್ಪಿಂಡಲ್ ಬಿಸಿ ಇದ್ದಾಗ ಸ್ವಲ್ಪ ಉದ್ದ ಆಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ತಣ್ಣಗಿದ್ದಾಗ ಟೂಲ್ ಅಷ್ಟು ಕೆಳಗೆ ಹೋಗುವುದಿಲ್ಲ.

ಸೂಪರ್‌ವೈಸರ್‌ಗೆ ಹೇಳಿದೆ. ನಿಮ್ಮ ಕೆಲಸ ಚೆಕ್ ಮಾಡೋದು ಮೇಡಂ, ಮಷೀನ್ ವಿಷಯ ನಮಗೆ ಬಿಡಿ ಅಂದರು. ಎರಡು ವರ್ಷ ಆ ನೋಟ್‌ಬುಕ್ ಡ್ರಾಯರ್‌ನಲ್ಲಿತ್ತು. ಆಮೇಲೆ ಹೊಸದಾಗಿ ಬಂದ ಡಿಪ್ಲೊಮಾ ಹುಡುಗ ಒಬ್ಬ ಗೇಜ್ ಇಸ್ಕೊಳ್ಳಲು ಬಂದವನು, ಅಕ್ಕ ಇದೇನು ಚುಕ್ಕೆ ಅಂತ ಕೇಳಿದ. ಹೇಳಿದೆ. ಮಾರನೇ ದಿನದಿಂದ ಬೆಳಗ್ಗೆ ಹತ್ತು ನಿಮಿಷ ಸ್ಪಿಂಡಲ್ ಸುಮ್ಮನೆ ತಿರುಗಿಸಿ ಆಮೇಲೆ ಪೀಸ್ ಹಾಕಿದರು, ಊಟದ ಹೊತ್ತಿನಲ್ಲೂ ನಿಲ್ಲಿಸದೆ ತಿರುಗಲು ಬಿಟ್ಟರು. ಆ ರಿಜೆಕ್ಷನ್ ನಿಂತೇ ಹೋಯಿತು. ಎರಡು ವರ್ಷದಲ್ಲಿ ಎಷ್ಟು ಪೀಸ್ ಸ್ಕ್ರ್ಯಾಪ್ ಬಿನ್‌ಗೆ ಹೋಯಿತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ವಿಎಂಸಿ ಸರ್, ಪೆಟ್ಟಿಗೆ ತೆಗೆದು ಹಾಕಿ. ವಾರಕ್ಕೆ ಒಂದು ದಿನ ಅರ್ಧ ಗಂಟೆ ಆಪರೇಟರ್, ಇನ್‌ಸ್ಪೆಕ್ಷನ್, ಸೆಟ್ಟರ್ ಮೂವರನ್ನೂ ಸ್ಕ್ರ್ಯಾಪ್ ಬಿನ್ ಸುತ್ತ ನಿಲ್ಲಿಸಿ. ಆ ವಾರ ಹಾಳಾದ ಪೀಸ್ ಕೈಗೆ ಕೊಟ್ಟು, ಇದು ಹೀಗೆ ಯಾಕಾಯಿತು ಅಂತ ಕೇಳಿ. ಯಾರು ಮಾಡಿದ್ದು ಅಂತ ಮಾತ್ರ ಕೇಳಬೇಡಿ.

---

ಹುಳುಮನೆ_ಶಿಡ್ಲಘಟ್ಟ:

ಫ್ಯಾಕ್ಟರಿ ವಿಷಯ ನನಗೆ ಗೊತ್ತಿಲ್ಲ, ನಾವು ರೇಷ್ಮೆ ಬೆಳೆಗಾರರು. ಆದರೂ ಬರೆಯುತ್ತೇನೆ, ಯಾಕೆಂದರೆ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೊಸತು ಹೇಗೆ ದಾಟುತ್ತದೆ ಅನ್ನುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮಪ್ಪನ ಕಾಲದಲ್ಲಿ ಮೈಸೂರು ತಳಿಯ ಜೊತೆ ಕೂಡಿಸಿದ ಮಿಶ್ರತಳಿ ಹಳದಿ ಗೂಡೇ ಎಲ್ಲ ಕಡೆ. ಬಿಳಿ ಗೂಡಿನ ಬೈವೋಲ್ಟೈನ್ ತಳಿ ನಮ್ಮ ಸೆಕೆಗೆ ಆಗಲ್ಲ, ಅದು ಚಳಿ ದೇಶದ ಹುಳು ಅನ್ನುವ ಮಾತಿತ್ತು. 1990ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಜಪಾನಿನ ನೆರವು ಸಂಸ್ಥೆ ಜೈಕಾದವರ ಜೊತೆ ಕೆಲಸ ಮಾಡಿ ಸಿಎಸ್‌ಆರ್ 2, ಸಿಎಸ್‌ಆರ್ 4 ಅಂತ ತಳಿ ತಂದರು. ಮೊಟ್ಟೆ ತಂದುಕೊಟ್ಟ ಮಾತ್ರಕ್ಕೆ ಏನೂ ಆಗುತ್ತಿರಲಿಲ್ಲ. ಮೊದಲು ನಾವು ಮಲಗುವ ಮನೆಯಲ್ಲೇ ತಟ್ಟೆಯಲ್ಲಿ ಹುಳು ಸಾಕುತ್ತಿದ್ದೆವು. ಅದಕ್ಕೆ ಬೇರೆ ಹುಳುಮನೆ ಬೇಕಾಯಿತು. ಎಲೆ ಬಿಡಿಸಿ ಹಾಕುವುದು ಬಿಟ್ಟು ಸೊಪ್ಪನ್ನು ಕಡ್ಡಿ ಸಮೇತ ಕತ್ತರಿಸಿ ಸ್ಟ್ಯಾಂಡ್ ಮೇಲೆ ಹಾಕುವುದು ಬಂತು, ಅರ್ಧ ಆಳು ಉಳಿಯಿತು. ಗೂಡು ಬಿಚ್ಚಾಣಿಕೆ ಮಾಡುವವರಿಗೂ ಚರಕ ಸಾಲದೆ ಒಟ್ಟಿಗೆ ಹಲವು ಎಳೆ ತೆಗೆಯುವ ಮಲ್ಟಿ ಎಂಡ್ ಮಷೀನ್ ಬೇಕಾಯಿತು. ಒಂದು ಹೊಸತು ಬರಬೇಕಾದರೆ ಅದರ ಹಿಂದೆ ಮುಂದೆ ಇರುವವರೆಲ್ಲ ಒಂದೊಂದು ಹೆಜ್ಜೆ ಸರಿಯಬೇಕು.

ನನಗೆ ದೊಡ್ಡದು ಅನ್ನಿಸುವುದು ಚಾಕಿ (ಮರಿಹುಳು ಸಾಕುವ) ಕೇಂದ್ರ. ಮೊಟ್ಟೆ ಒಡೆದಾಗಿನಿಂದ ಎರಡನೇ ಜ್ವರದವರೆಗೆ (ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ) ಹುಳು ಕೂಸಿದ್ದ ಹಾಗೆ, 27-28 ಡಿಗ್ರಿ ಶಾಖ, ಗಾಳಿಯಲ್ಲಿ ನೂರಕ್ಕೆ 85-90ರಷ್ಟು ತೇವ ಬೇಕು. ಪ್ರತಿಯೊಬ್ಬ ರೈತನೂ ಅದನ್ನು ಮನೆಯಲ್ಲಿ ಕಾಪಾಡಲು ಒದ್ದಾಡುತ್ತಿದ್ದ. ಅದೊಂದು ಕೆಲಸವನ್ನು ಚೆನ್ನಾಗಿ ಬಲ್ಲವರು ಒಂದು ಕಡೆ ಮಾಡಿ, ಎರಡನೇ ಜ್ವರಕ್ಕೆ ಹುಳು ನಮಗೆ ಕೊಡುತ್ತಾರೆ. ನಮ್ಮಪ್ಪ ಮೊದಲು ನಂಬಲೇ ಇಲ್ಲ, ಬೇರೆಯವರು ಸಾಕಿದ ಹುಳು ನಮ್ಮ ಮನೆಗೆ ಯಾಕೆ ಅಂತ. ಪಕ್ಕದ ಊರಿನ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಬೆಳೆ ಕೈಗೆ ಬಂದದ್ದನ್ನು ನೋಡಿದ ಮೇಲೆ ಒಪ್ಪಿದರು. ಇಲಾಖೆಯವರು ಹತ್ತು ಸಲ ಮೀಟಿಂಗ್ ಮಾಡಿದ್ದರು, ಆದರೆ ದೊಡ್ಡಪ್ಪನ ಮನೆಯ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ತುಂಬಾ ಬಿಳಿ ಗೂಡು ಕಣ್ಣಾರೆ ಕಂಡದ್ದೇ ಸಾಕಾಯಿತು.

ಆ ಹುಡುಗನ ಲಿವರನ್ನು ಬೇರೆ ಮಷೀನಿನವರಿಗೆ ನೀವು ಹೇಳಬೇಡಿ ಅಣ್ಣ, ಅವನ ಹತ್ತಿರವೇ ನೋಡಲು ಕಳಿಸಿ.

---

ಪರ್ಚೇಸ್_ಸೀಟ್:

ನಾನು ಟೇಬಲ್‌ನ ಆ ಕಡೆ ಕೂತವನು, ಹದಿನಾಲ್ಕು ವರ್ಷ ಪರ್ಚೇಸ್‌ನಲ್ಲಿದ್ದೇನೆ. ನಿಮಗೆ ಆದದ್ದು ಅನ್ಯಾಯ. ಅದು ಯಾಕೆ ಆಗುತ್ತದೆ ಅಂತ ಒಳಗಿನಿಂದ ಹೇಳುತ್ತೇನೆ.

ಪರ್ಚೇಸ್‌ನವನಿಗೆ ವರ್ಷದ ಕೊನೆಯಲ್ಲಿ ಮಾರ್ಕ್ಸ್ ಸಿಗುವುದು, ಹೋದ ವರ್ಷಕ್ಕಿಂತ ರೇಟ್ ಎಷ್ಟು ಇಳಿಸಿದ ಅನ್ನುವುದರ ಮೇಲೆ. ನೀವು ಹೋಗಿ ರೀಮಿಂಗ್ ಬೇಡ ಅಂದರೆ ಅವನಿಗೆ ಕೇಳಿಸುವುದು ರೀಮಿಂಗ್ ದುಡ್ಡು ಉಳಿಯಿತು ಅಂತ ಮಾತ್ರ. ಮುಂದಿನ ವರ್ಷ ನೀವು ಹೊಸ ಐಡಿಯಾ ತರುವುದಿಲ್ಲ ಅನ್ನುವ ನಷ್ಟ ಯಾವ ಶೀಟ್‌ನಲ್ಲೂ ಬರುವುದಿಲ್ಲ.

ಹಾಗಾಗಿ ಮೊದಲು ಪರ್ಚೇಸ್ ಹತ್ತಿರ ಹೋಗಬೇಡಿ. ಡಿಸೈನ್ ಅಥವಾ ಸಪ್ಲೈಯರ್ ಕ್ವಾಲಿಟಿ ಇಂಜಿನಿಯರ್ ಒಬ್ಬರನ್ನು ಶಾಪ್‌ಗೆ ಕರೆದು ಪೀಸ್ ತೋರಿಸಿ, ಅವರಿಗೆ ತಮ್ಮ ಡ್ರಾಯಿಂಗ್ ಸುಧಾರಿಸುವ ಆಸೆ ಇರುತ್ತದೆ. ಐಡಿಯಾ ಪೂರ್ತಿ ಬಿಚ್ಚುವ ಮೊದಲೇ ಒಂದು ಮೇಲ್ ಹಾಕಿ: ಈ ಭಾಗದಲ್ಲಿ ಉಳಿತಾಯ ಇದೆ, ಉಳಿದದ್ದರಲ್ಲಿ ಮೊದಲ ವರ್ಷ ಅರ್ಧ ನಮಗೆ, ಅರ್ಧ ನಿಮಗೆ, ಒಂದು ವರ್ಷ ಈ ಭಾಗ ಬೇರೆಯವರಿಗೆ ಕೊಡುವಂತಿಲ್ಲ, ಒಪ್ಪಿಗೆ ಇದ್ದರೆ ಟ್ರಯಲ್ ಮಾಡೋಣ ಅಂತ. ಅವರಿಂದ ಸರಿ ಅಂತ ಬರಹದಲ್ಲಿ ಬರಲಿ. ಬಹಳ ಕಂಪನಿಗಳಲ್ಲಿ ವಿಎವಿಇ (ಗುಣ ಕೆಡದೆ ಖರ್ಚು ಇಳಿಸುವ ಸಲಹೆ) ಅಂತ ಇದಕ್ಕೇ ಒಂದು ಫಾರ್ಮ್ ಇರುತ್ತದೆ, ವೆಂಡರ್‌ಗಳು ಕೇಳುವುದಿಲ್ಲ ಅಷ್ಟೇ. ನಾಲ್ಕರಲ್ಲಿ ಒಂದು ಚಿಕ್ಕ ಐಡಿಯಾ ಕೊಟ್ಟು ನೋಡಿ. ಮಾತಿಗೆ ನಿಂತರೆ ಎರಡನೆಯದು ಕೊಡಿ. ನಿಲ್ಲದಿದ್ದರೆ ಉಳಿದ ಮೂರು ಬೇರೆ ಗಿರಾಕಿಗೆ.

ಇನ್ನೊಂದು ಮಾತು. ನಮ್ಮಿಂದ ನೀವು ಏನು ಬಯಸುತ್ತೀರೋ ಅದನ್ನೇ ನಿಮ್ಮ ಹುಡುಗನಿಗೂ ಮೊದಲು ಬರೆದು ಕೊಡಿ.

---

ಪೀಣ್ಯ_ವಿಎಂಸಿ:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಏನು ಮಾಡಿದೆವು ಅಂತ ಹೇಳಲು.

ಫೈಲ್ ತೆಗೆದೆವು. ಎರಡು ಫ್ಯಾನ್, ಒಂದು ವಾಟರ್ ಫಿಲ್ಟರ್ ಬಂತು. ಟಾಯ್ಲೆಟ್‌ಗೆ ಪ್ಲಂಬರ್ ಬಂದು ಹೋದ. ಮೂರು ಚೀಟಿಗೆ ಆಗುವುದಿಲ್ಲ ಅಂತ ನಾನೇ ಹೋಗಿ ಕಾರಣ ಹೇಳಿದೆ, ಒಬ್ಬ ವಾದ ಮಾಡಿದ, ಅವನು ಹೇಳಿದ್ದೇ ಸರಿ ಇತ್ತು, ಮಾಡುತ್ತಿದ್ದೇವೆ. ಪೆಟ್ಟಿಗೆ ಬಿಚ್ಚಿಟ್ಟೆವು.

ಭಾವನ ಜೊತೆ ದೊಡ್ಡ ವಾದ ಆಯಿತು. ಒಂದು ಪೀಸಿಗೆ ಹಿಡಿಯುವ ಸೈಕಲ್ ಟೈಮ್ ಇಳಿದರೆ ಟಾರ್ಗೆಟ್ ಏರಿಸದೆ ಇರೋದು ಹೇಗೆ, ಬ್ಯಾಂಕ್ ಸಾಲ ಯಾರು ಕಟ್ಟುತ್ತಾರೆ ಅಂದರು. ಅವರ ಮಾತಲ್ಲೂ ಅರ್ಥ ಇದೆ. ಕೊನೆಗೆ ಒಪ್ಪಿದ್ದು ಹೀಗೆ: ಆಪರೇಟರ್ ತಾನೇ ಮಾಡಿದ ಬದಲಾವಣೆಯಿಂದ ಟೈಮ್ ಉಳಿದರೆ ಒಂದು ವರ್ಷ ಟಾರ್ಗೆಟ್ ಮುಟ್ಟುವುದಿಲ್ಲ, ಅದಕ್ಕಿಂತ ಜಾಸ್ತಿ ಬಂದ ಪೀಸಿಗೆ ಆ ಮಷೀನಿನ ಎರಡೂ ಶಿಫ್ಟ್‌ನವರಿಗೆ ಇನ್ಸೆಂಟಿವ್. ಕನ್ನಡದಲ್ಲಿ ಟೈಪ್ ಮಾಡಿಸಿ, ಇಬ್ಬರೂ ಸಹಿ ಹಾಕಿ ನೋಟಿಸ್ ಬೋರ್ಡ್‌ನಲ್ಲಿ ಹಾಕಿದ್ದೇವೆ.

ಶನಿವಾರ ಸ್ಕ್ರ್ಯಾಪ್ ಬಿನ್ ಸುತ್ತ ನಿಂತೆವು. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ, ಇಪ್ಪತ್ತು ನಿಮಿಷ ನಾನೇ ಮಾತಾಡಿದೆ. ಎರಡನೇ ವಾರ ಡೀಬರಿಂಗ್ ಮಾಡುವ, ಅಂದರೆ ಅಂಚಿನ ಚೂಪು ಮುಳ್ಳು (ಬರ್) ತೆಗೆಯುವ ಅಮ್ಮ ಒಂದು ಪೀಸ್ ಎತ್ತಿ, ಈ ಮೂಲೆಯ ಬರ್ ಯಾವಾಗಲೂ ಮೂರನೇ ಮಷೀನ್‌ದೇ, ಒಂದನೇ ಮಷೀನಿನ ಪೀಸಿಗೆ ಬರಲ್ಲ ಅಂದರು. ಸೆಟ್ಟರ್ ಹೋಗಿ ಎರಡರ ಪ್ರೋಗ್ರಾಂ ಪಕ್ಕಪಕ್ಕ ಇಟ್ಟು ನೋಡಿದ. ಟೂಲ್ ಹೊರಗೆ ಬರುವ ದಾರಿ ಬೇರೆ ಬೇರೆ ಇತ್ತು.

ಅರಸೀಕೆರೆ ಹುಡುಗನ ಫಿಕ್ಸ್ಚರ್‌ಗೆ ಡ್ರಾಯಿಂಗ್ ಮಾಡಿಸಿದೆವು, ಡಿಸೈನ್ ಅನ್ನುವ ಜಾಗದಲ್ಲಿ ಅವನ ಹೆಸರು. ಅದನ್ನು ಫೋನ್‌ನಲ್ಲಿ ಫೋಟೋ ತೆಗೆದು ಊರಿಗೆ ಕಳಿಸಿದನಂತೆ. ಈಗ ಮೂರನೇ ಮಷೀನ್‌ಗೂ ಒಂದು ಬೇಕು ಅಂತ ಆ ಶಿಫ್ಟ್‌ನವರೇ ಕೇಳುತ್ತಿದ್ದಾರೆ. ಅಲ್ಲಿ ಜಾಗ ಕಮ್ಮಿ, ಲಿವರ್ ತಿರುಗಿಸಿದರೆ ಟೇಬಲ್ ಗಾರ್ಡ್‌ಗೆ ತಾಗುತ್ತದೆ. ಹಿರಿಯರೇ, ಲಿವರ್ ಬದಲು ಏನು ಹಾಕಬಹುದು?

ಗಿರಾಕಿ ಕಂಪನಿಯ ಇಂಜಿನಿಯರ್ ಬರುವ ಬುಧವಾರ ಬರುತ್ತೇನೆ ಅಂದಿದ್ದಾರೆ. ಮೇಲ್‌ಗೆ ಉತ್ತರ ಇನ್ನೂ ಬಂದಿಲ್ಲ.

---

ಜಾಲಹಳ್ಳಿ_ಫಿಟ್ಟರ್:

ಟಾಗಲ್ ಕ್ಲ್ಯಾಂಪ್ ಹಾಕಿ ನೋಡಿ, ನೇರ ಒತ್ತುವ ಮಾದರಿ, ಹಿಡಿ ಮೇಲಕ್ಕೆ ಏಳುತ್ತದೆ, ಪಕ್ಕಕ್ಕೆ ಬರುವುದಿಲ್ಲ. ನನ್ನ ಹತ್ತಿರ ಹಳೆಯದು ಎರಡು ಇವೆ. ಆ ಹುಡುಗನನ್ನು ಭಾನುವಾರ ಮನೆಗೆ ಕಳಿಸಿ, ಪೀಸ್ ಒಂದು ಜೊತೆಗೆ ತರಲಿ. ಬೇರೆ ಅಳತೆ ಬೇಡ, ಗಾರ್ಡ್‌ವರೆಗೆ ಎಷ್ಟು ಜಾಗ ಇದೆ ಅನ್ನುವುದನ್ನು ಮಾತ್ರ ಸರಿಯಾಗಿ ಅಳೆದುಕೊಂಡು ಬರಲು ಹೇಳಿ.